ಮಂಜಿನಲ್ಲಿ ಒಂದು ಹರಾಜು

ನಮ್ಮ ಸಾಲಿನಲ್ಲಿ ಪ್ರತಿ ಮನೆಗೂ ಒಂದೊಂದು ಬಡಿತವಿದೆ. ಚಳಿಗಾಲದಲ್ಲಿ ಸಮುದ್ರದ ಮೇಲೆ ಮಂಜು ಕವಿದು ಯಾರದಾದರೂ ದೋಣಿ ಹೊರಗೇ ಉಳಿದರೆ, ಹೆಂಗಸರು ಅಡುಗೆಮನೆಯಿಂದ ಕೈಗೆ ಸಿಕ್ಕ ಪಾತ್ರೆ ತಂದು ತಮ್ಮ ತಮ್ಮ ಮನೆಯ ಎದುರಿಗೇ ದಡದಲ್ಲಿ ನಿಂತು ಬಡಿಯುತ್ತಾರೆ. ಮೊದಲ ಮನೆಯದು ಒಂದೇ ಸಮನೆ ಗಡಗಡ. ದರ್ಜಿಯ ಹೆಂಡತಿಯದು ಬಿಟ್ಟು ಬಿಟ್ಟು, ಬಿಕ್ಕಳಿಕೆ ಬಂದ ಹಾಗೆ. ಸಾಲಿನ ಕೊನೆಯ ಮನೆ ನಮ್ಮದು. ಅಲ್ಲಿಂದಾಚೆ ಕರಿಬಂಡೆಗಳು, ಬಂಡೆಗಳಾಚೆ ಬರೀ ನೀರು. ನಮ್ಮ ಬಡಿತ ಎರಡು ಗಟ್ಟಿ, ಒಂದು ಮೆಲ್ಲಗೆ. ಢಣ್, ಢಣ್, ಟಿಣ್. ಹಿತ್ತಾಳೆ ಬೋಗುಣಿಯ ಬೆನ್ನಿನ ಮೇಲೆ ಸೌಟಿನಿಂದ ಅದನ್ನು ಬಡಿಯುವವರು ನನ್ನ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಕಲಿಸಲು ನೋಡಿದರು. ಮೂರನೆಯ ಪೆಟ್ಟು ಪ್ರತಿ ಸಲವೂ ಮೊದಲೆರಡಕ್ಕಿಂತ ಜೋರಾಗಿ ಬೀಳುತ್ತಿತ್ತು. "ಮೆಲ್ಲಗೆ ಅನ್ನೋದು ನಿನ್ನ ಮೈಯಲ್ಲೇ ಇಲ್ಲ, ಬಿಡು" ಎಂದು ಸೌಟು ಕಿತ್ತುಕೊಂಡರು.

ಅವರು ಹೇಳಿದ್ದು ಸುಳ್ಳಲ್ಲ. ನಾನು ಬಂದರಿನ ಕಟ್ಟೆಯ ಮೇಲೆ ಮೀನು ಹರಾಜು ಕೂಗುವವಳು. ಇಂಜಿನ್ನುಗಳ ಗದ್ದಲ, ಹಕ್ಕಿಗಳ ಕಿರುಚಾಟ, ಕೊಳ್ಳುವವರ ಚೌಕಾಸಿ, ಎಲ್ಲವನ್ನೂ ದಾಟಿ ನನ್ನ ದನಿ ಹೋಗಬೇಕು. ಹೋಗುತ್ತದೆ. ಊರಿಗೆಲ್ಲ ನಾನು 'ಮೈಕು'. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ನನ್ನ ಗಂಡ ತಮಾಷೆ ಮಾಡುತ್ತಾನೆ.

ಮಂಜಿನಲ್ಲಿ ದೋಣಿಗಳಿಗೆ ದಾರಿ ತೋರಿಸುವ ನಿಜವಾದ ಕೆಲಸ ಪಾತ್ರೆಗಳದ್ದಲ್ಲ, ಸೈರನ್ನಿನದು. ಬಂದರಿನ ತಡೆಗೋಡೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ, ಅದರ ತುದಿಯಲ್ಲಿ ಒಂದು ಕಂಬ, ಕಂಬದ ಮೇಲೆ ಸೈರನ್. ಆ ಸದ್ದನ್ನು ಎಡಗೈಗೆ ಇಟ್ಟುಕೊಂಡು ಒಳಗೆ ಬಂದರೆ ಬಂದರು ಸಿಗುತ್ತದೆ. ಹೆಂಗಸರ ಬಡಿತ ಏನಿದ್ದರೂ ಧೈರ್ಯಕ್ಕೆ, 'ನಾವು ಕಾಯ್ತಾ ಇದೀವಿ' ಎಂದು ಹೇಳುವುದಕ್ಕೆ. ಹಾಗೆಂದುಕೊಂಡೇ ನಾವೆಲ್ಲ ಬೆಳೆದದ್ದು.

ಆ ದಿನ ಬೆಳಿಗ್ಗೆ ನಾನೂ ಗಂಡನೂ ಜಗಳವಾಡಿದ್ದೆವು. ಒಂದು ವಾರದಿಂದ ಬೀಸುತ್ತಿದ್ದ ಗಾಳಿ ಹಠಾತ್ತನೆ ನಿಂತು ಸಮುದ್ರ ಒಳ್ಳೆಯ ಹುಡುಗಿಯಂತೆ ಮಲಗಿತ್ತು. ರೇಡಿಯೋದಲ್ಲಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಅಲೆ ಏಳುತ್ತದೆ, ದೂರದಲ್ಲೆಲ್ಲೋ ಬಿರುಗಾಳಿ ಎದ್ದಿದೆ ಎಂದು ಹೇಳುತ್ತಿದ್ದರು. ಇವನು ಬೂಟು ಹಾಕಿಕೊಳ್ಳುತ್ತ ಕೂತಿದ್ದ.

"ಮಧ್ಯಾಹ್ನದೊಳಗೆ ಬಂದುಬಿಡ್ತೀನಿ."

"ಸಮುದ್ರ ಏನು ನಿಮ್ಮ ಮಾವನ ಮನೆಯಾ, ಹೇಳಿದ ಹೊತ್ತಿಗೆ ಕಳಿಸಿಕೊಡೋಕೆ?"

"ನಿನಗಿಂತ ಆ ರೇಡಿಯೋನೇ ವಾಸಿ ಕಣೇ. ಅದಕ್ಕೆ ಆರಿಸೋಕೆ ಒಂದು ಗುಂಡಿಯಾದರೂ ಇದೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹೋಗಿ" ಎಂದೆ. ದಿನಾ ಹೇಳುವಂತೆ 'ಹೋಗಿ ಬನ್ನಿ' ಎನ್ನಲಿಲ್ಲ. ಅವನೂ ಉಣ್ಣೆಯ ಕೋಟನ್ನು ಗೂಟದಲ್ಲೇ ಬಿಟ್ಟು ಬಾಗಿಲು ದಢಾರನೆ ಎಳೆದುಕೊಂಡು ಹೋದ. ಒಲೆಯ ಪಕ್ಕ ಕೂತಿದ್ದ ಅತ್ತೆ ಲೋಟದಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ನುಡಿಯದೆ ಬಿಟ್ಟ ಆ ಒಂದು ಮಾತು ಅವರ ಕಿವಿ ತಪ್ಪಿರಲಿಲ್ಲ.

ಹೊರಗೆ ಹೋದದ್ದು ಆ ಒಂದೇ ದೋಣಿ. ಅದರಲ್ಲಿ ನನ್ನ ಗಂಡ, ಜೊತೆಗೆ ಬಂದರಿನ ಕಾವಲುಗಾರನ ಅಳಿಯ.

ಹಿಂದಿನ ದಿನ ಉಳಿದಿದ್ದ ನಾಲ್ಕಾರು ಪೆಟ್ಟಿಗೆಗಳ ಹರಾಜು ಮುಗಿಸಿ ನಾನು ಪೈಪು ಹಿಡಿದು ಕಟ್ಟೆ ತೊಳೆಯುತ್ತಿದ್ದೆ. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳುಗಳು ನನ್ನವೋ ಬೇರೆಯವರವೋ ತಿಳಿಯುತ್ತಿರಲಿಲ್ಲ. ತಲೆ ಎತ್ತಿ ನೋಡಿದಾಗ ತಡೆಗೋಡೆಯ ತುದಿ ಕಾಣಲಿಲ್ಲ. ಇನ್ನೊಮ್ಮೆ ನೋಡುವಷ್ಟರಲ್ಲಿ ಕಟ್ಟಿಹಾಕಿದ್ದ ದೋಣಿಗಳಿಲ್ಲ. ಆಮೇಲೆ ನನ್ನದೇ ತಕ್ಕಡಿ, ಕೈಯಳತೆಯಲ್ಲಿದ್ದದ್ದು, ಬಿಳುಪಿನೊಳಗೆ ಮಾಸಿಹೋಯಿತು. ಅದೇ ಹೊತ್ತಿಗೆ ಕಟ್ಟೆಯ ಕೆಳಗೆ ನೀರು ದೊಡ್ಡದಾಗಿ ಒಮ್ಮೆ ಏರಿ ಇಳಿಯಿತು. ಗಾಳಿ ಎಳ್ಳಷ್ಟೂ ಇರಲಿಲ್ಲ. ರೇಡಿಯೋ ಹೇಳಿದ್ದ ಅಲೆ ಅದು.

"ಸೈರನ್ ಹಾಕಪ್ಪಾ!" ಎಂದು ಕೂಗಿದೆ.

ಮಂಜಿನೊಳಗಿಂದ ಕಾವಲುಗಾರ ಓಡಿಬಂದ. ಕೈ ಮೊಣಕೈವರೆಗೆ ಕರಿ ಎಣ್ಣೆ. "ಹಾಕಿದೆ ಅಕ್ಕಾ. ಗೊರ್ ಅಂತು, ನಿಂತೇಹೋಯ್ತು. ಒಳಗೆಲ್ಲ ಉಪ್ಪು ತಿಂದುಬಿಟ್ಟಿದೆ. ಬಿಚ್ಚಿದೀನಿ, ನೋಡ್ತೀನಿ." ಎಣ್ಣೆಗೈಯಲ್ಲೇ ಫೋನು ತೋರಿಸಿದ. "ಅಳಿಯಂಗೆ ಫೋನು ಹಚ್ತಾನೇ ಇದೀನಿ, ಹೋಗ್ತಿಲ್ಲ."

ನಾನು ಗಂಡನಿಗೆ ಫೋನು ಹಚ್ಚಿ ಕಿವಿಗೆ ಒತ್ತಿಕೊಂಡು ಮನೆಯ ಕಡೆ ಓಡಿದೆ. ಇದು ಹೋಗುತ್ತಿತ್ತು. ರಿಂಗಾಗುತ್ತಿತ್ತು. ಸದ್ಯ, ರಿಂಗಾಗುತ್ತಿದೆಯಲ್ಲ ಎಂದು ಜೀವ ಹಿಡಿದುಕೊಂಡು ಹೊಸ್ತಿಲು ದಾಟಿದರೆ, ಗೂಟದಲ್ಲಿದ್ದ ಕೋಟು ಹಾಡುತ್ತಿತ್ತು. ಫೋನು ಜೇಬಿನಲ್ಲಿತ್ತು, ಕೋಟು ಮನೆಯಲ್ಲಿತ್ತು, ಮನುಷ್ಯ ಸಮುದ್ರದ ಮೇಲೆ ತೆಳು ಅಂಗಿಯಲ್ಲಿದ್ದ.

ಮನೆಯೊಳಗೆ ಅತ್ತೆ ಇರಲಿಲ್ಲ. ಬೋಗುಣಿಯೂ ಇರಲಿಲ್ಲ. ಕರಿಬಂಡೆಗಳ ಕಡೆಯಿಂದ ಆಗಲೇ ಬರುತ್ತಿತ್ತು: ಢಣ್, ಢಣ್, ಟಿಣ್. ಸಾಲಿನ ಉದ್ದಕ್ಕೂ ಒಬ್ಬೊಬ್ಬರಾಗಿ ಹೊರಗೆ ಬಂದು ಬಡಿಯತೊಡಗಿದ್ದರು. ಅವರ ಗಂಡಸರೆಲ್ಲ ಒಲೆಯ ಮುಂದೆ ಬೆಚ್ಚಗಿದ್ದರು, ಆದರೂ ಬಂದಿದ್ದರು. ನಮ್ಮ ಊರಿನ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಕೋಟು ಹಾಕಿಕೊಂಡು, ಒಂದು ತಪ್ಪಲೆಯನ್ನೂ ಹಿಡಿದು ಮತ್ತೆ ಹೊರಬಿದ್ದೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ಬಡಿಯುತ್ತಲೇ ಬಂದರಿನತ್ತ ನಡೆದೆ. ದರ್ಜಿಯ ಮನೆಯ ಎದುರಿಗೆ ಬಂದಿದ್ದೆ, ಆಗ ಕೇಳಿಸಿತು. ಡುಗ್ ಡುಗ್ ಡುಗ್. ನಮ್ಮದೇ ಇಂಜಿನ್ನು. ಅದಕ್ಕೆ ನಡುನಡುವೆ ಒಂದು ಕೆಮ್ಮು ಬರುತ್ತದೆ, ಎಷ್ಟು ಸಲ ರಿಪೇರಿ ಮಾಡಿಸಿದರೂ ಹೋಗಿಲ್ಲ. ಸದ್ದು ನೇರವಾಗಿ ಬಂದರಿನ ಬಾಯಿಯ ಎದುರಿನಿಂದಲೇ ಬರುತ್ತಿತ್ತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಇಂಜಿನ್ನು ನಿಂತಿತು. ಆರಿಸಿ ಕಿವಿಗೊಡುತ್ತಿದ್ದಾರೆ ಎಂದುಕೊಂಡೆ. ಸೈರನ್ ಹುಡುಕುತ್ತಿದ್ದಾರೆ. ನಾವೆಲ್ಲ ಇನ್ನೂ ಜೋರಾಗಿ ಬಡಿದೆವು, ಪಾತ್ರೆಗಳು ಸೀಳಿಹೋಗುವ ಹಾಗೆ. ಮತ್ತೆ ಇಂಜಿನ್ನು ಶುರುವಾಯಿತು, ಕೆಮ್ಮಿತು, ನಡೆಯಿತು. ಆದರೆ ಬಂದರಿನ ಕಡೆಗಲ್ಲ. ನನ್ನ ಎಡಗಿವಿಯಿಂದ ಬಲಗಿವಿಗೆ ಸರಿಯುತ್ತ ಹೋಯಿತು. ದಡದುದ್ದಕ್ಕೂ, ಸಾಲಿನ ಕೊನೆಯತ್ತ, ಕರಿಬಂಡೆಗಳತ್ತ.

ನನ್ನ ಕೈಯಲ್ಲಿದ್ದ ತಪ್ಪಲೆ ಹಾಗೇ ನಿಂತಿತು. ಆ ಗಡಗಡದ ನಡುವೆ, ಬಿಕ್ಕಳಿಕೆಗಳ ನಡುವೆ, ಚೊಕ್ಕವಾಗಿ ಕೇಳುತ್ತಿದ್ದದ್ದು ಒಂದೇ: ಎರಡು ಗಟ್ಟಿ, ಒಂದು ಮೆಲ್ಲಗೆ. ತೊಟ್ಟಿಲಲ್ಲಿದ್ದಾಗಿನಿಂದ ಅವನು ಕೇಳಿಕೊಂಡು ಬಂದ ಸದ್ದು. ಸೈರನ್ ಕೂಗುತ್ತಿದ್ದರೆ ಅದರ ಮುಂದೆ ಇದು ಬರೀ ಧೈರ್ಯ. ಸೈರನ್ ಇಲ್ಲದ ದಿನ ಇದೇ ದಾರಿ. ನನ್ನ ಗಂಡ ಬಂದರಿಗೆ ಬರುತ್ತಿರಲಿಲ್ಲ, ನೇರವಾಗಿ ಮನೆಗೆ ಹೊರಟಿದ್ದ.

ಕರಿಬಂಡೆಗಳಲ್ಲಿ ದೋಣಿ ಹತ್ತಿಸುವ ಜಾಗವೇ ಇಲ್ಲ. ನೀರಿನ ಮೇಲೆ ನಾಲ್ಕು ತಲೆ ಕಂಡರೆ ಅಡಿಯಲ್ಲಿ ನಲವತ್ತು ಹಲ್ಲಿವೆ. ಸಮುದ್ರ ಮಲಗಿದ್ದ ದಿನವೇ ಅಲ್ಲಿಗೆ ಯಾರೂ ಸುಳಿಯುವುದಿಲ್ಲ. ಈಗ ಅಲೆ ಎದ್ದಿತ್ತು. ಅಲೆಯ ಮೊರೆತ ಕೇಳಿ ಬಂಡೆ ಇರುವುದು ಇಲ್ಲೇ ಎಂದು ತಿಳಿಯೋಣವೆಂದರೆ ಇಡೀ ದಡವೇ ಮೊರೆಯುತ್ತಿತ್ತು.

"ನಿಲ್ಸಿ! ಎಲ್ಲರೂ ನಿಲ್ಸಿ! ಒಂದು ಸದ್ದೂ ಬೇಡ!" ಎಂದು ಕೂಗುತ್ತ ಸಾಲಿನ ಮೊದಲ ತುದಿಯವರೆಗೂ ಓಡಿ, ಅಲ್ಲಿಂದ ಹಿಂದಕ್ಕೆ ಓಡಿದೆ.

"ಅಯ್ಯೋ, ಮೈಕೇ ಸುಮ್ಮನಿರಿ ಅಂತಿದೆ! ಕಾಲ ಕೆಟ್ಟೋಯ್ತು" ಎಂದಳು ದರ್ಜಿಯ ಹೆಂಡತಿ. ಆಮೇಲೆ ನನ್ನ ಮುಖ ಕಂಡಿತು. ಅವಳ ಸೌಟು ಗಾಳಿಯಲ್ಲೇ ನಿಂತಿತು. "ಯಾಕೇ? ಏನಾಯ್ತೇ?"

"ನಾವು ಅವರ ದಾರಿ ತಪ್ಪಿಸ್ತಿದೀವಿ. ಬಂಡೆ ಕಡೆ ಹೋಗ್ತಿದ್ದಾರೆ."

ಒಂದೊಂದಾಗಿ ಪಾತ್ರೆಗಳು ಸುಮ್ಮನಾದವು. ಹೀಗೆ ಸುಮ್ಮನಾಗುವುದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ದಡದಲ್ಲಿ ನಿಂತವರಿಗೆ ಮಾಡಲು ಇರುವುದೇ ಅದೊಂದು. ಅದನ್ನೂ ಬೇಡ ಎಂದರೆ ಕೈ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಹೆಂಗಸರು ಪಾತ್ರೆಗಳನ್ನು ಹೊಟ್ಟೆಗೆ ಅವುಚಿಕೊಂಡು ನಿಂತರು. ಎಲ್ಲ ನಿಂತ ಮೇಲೆ ಉಳಿದದ್ದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

ಢಣ್, ಢಣ್, ಟಿಣ್.

ಅತ್ತೆ ಬಂಡೆಯ ಮೇಲೆ, ಬೇರೆ ದಿನವಾದರೆ ನಾನೂ ಹತ್ತಲು ಹೆದರುವಂಥ ಜಾಗದಲ್ಲಿ ನಿಂತಿದ್ದರು. ತಲೆಗೆ ಸುತ್ತಿದ್ದ ಶಾಲು ಒದ್ದೆಯಾಗಿ ಕೆನ್ನೆಗೆ ಅಂಟಿತ್ತು. ಎಡಗೈಯಲ್ಲಿ ಬೋಗುಣಿ ಎತ್ತಿ ಹಿಡಿದಿದ್ದರು. ಕೆಳಗೆ ನೀರು ನುಗ್ಗಿ ಬಂದು, ಬಂಡೆಗಳ ಸಂದಿಯಲ್ಲಿ ಬುಸುಗುಟ್ಟಿ ಹಿಂದೆ ಸರಿಯುತ್ತಿತ್ತು.

"ಅತ್ತೆ, ನಿಲ್ಲಿಸಿ."

"ಏನು?" ಢಣ್, ಢಣ್, ಟಿಣ್.

"ನಿಲ್ಲಿಸಿ ಅಂದೆ! ನಿಮ್ಮ ಸದ್ದು ಹಿಡಿದುಕೊಂಡು ಇತ್ತ ಬರ್ತಿದ್ದಾರೆ. ಬಂಡೆಗೆ ಬರ್ತಿದ್ದಾರೆ!"

"ಬರಲಿ ಅಂತಾನೇ ಬಡಿತಿರೋದು. ನೀನು ಅತ್ತ ಸರಿ."

ನಾನು ಬೋಗುಣಿಯ ಅಂಚಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ಆ ಮುದಿ ಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರ ಕಾಲೂ ಜಾರಿತು, ಒಂದು ಮೊಣಕಾಲು ಬಂಡೆಗೆ ತಾಗಿ ನನಗೆ ಕಣ್ಣು ಕತ್ತಲಿಟ್ಟಿತು. ಕೈ ಬಿಟ್ಟೆ. ಕಿತ್ತುಕೊಳ್ಳಲು ಹೋದರೆ ಇಬ್ಬರೂ ನೀರಿಗೇ ಬೀಳುತ್ತಿದ್ದೆವು.

"ನಾನು ಒಂದು ಸಲ ನಿಲ್ಲಿಸಿದೀನಿ ಕಣೇ" ಎಂದರು ಅತ್ತೆ. ದನಿ ಏರಿಸಲಿಲ್ಲ. "ನಿನಗೆ ಗೊತ್ತಲ್ಲ. ಇನ್ನೊಂದು ಸಲ ನಿಲ್ಲಿಸಲ್ಲ. ನನ್ನ ಕೈ ಕಡಿದರೂ ನಿಲ್ಲಿಸಲ್ಲ."

ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? ನನ್ನ ಗಂಡ ಆರು ತಿಂಗಳ ಕೂಸಾಗಿದ್ದಾಗ, ಇಂಥದ್ದೇ ಒಂದು ಚಳಿಗಾಲದ ಮಂಜಿನಲ್ಲಿ ಮಾವ ಹೊರಗೆ ಉಳಿದುಬಿಟ್ಟಿದ್ದರು. ಬಂದರಿಗೆ ಆಗಿನ್ನೂ ಸೈರನ್ ಬಂದಿರಲಿಲ್ಲ. ಅತ್ತೆ ಬೆಳಗಿನಿಂದ ಇದೇ ಬಂಡೆಯ ಮೇಲೆ ಬಡಿಯುತ್ತಿದ್ದರು. ಕೂಸು ಹಸಿದು ಅರಚಿಕೊಂಡಿತೆಂದು ಹಾಲು ಕೊಡಲು ಒಳಗೆ ಹೋದರು. ತಿರುಗಿ ಬರುವಷ್ಟರಲ್ಲಿ ದೋಣಿ ಇಲ್ಲೇ ಒಡೆದು ಚೂರಾಗಿತ್ತು. 'ನಾನು ನಿಲ್ಲಿಸಿದ್ದಕ್ಕೇ ಹೋದರು' ಎಂದು ಅವರು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಾರೆ. ಮಗನಿಗೆ ಹಾಲು ಕೊಟ್ಟದ್ದಕ್ಕೆ ಮಗನ ಮುಂದೆಯೇ ಪಶ್ಚಾತ್ತಾಪ ಪಡುತ್ತ ಬದುಕಿದ್ದಾರೆ.

ಇಲ್ಲೇ ಒಡೆದಿತ್ತು. ಈ ಬಂಡೆಯ ಬುಡದಲ್ಲೇ. ಬಂದರಿನ ಹತ್ತಿರ ಎಲ್ಲೂ ಅಲ್ಲ.

ಹಾಗಾದರೆ ಮಾವ ಇಲ್ಲಿಗೇಕೆ ಬಂದರು?

ಸದ್ದು ನಿಂತದ್ದಕ್ಕೆ ಅವರು ಹೋದದ್ದಲ್ಲ. ಸದ್ದು ಕೇಳಿ ಬಂದದ್ದಕ್ಕೆ ಹೋದರು. ನನ್ನ ಬಾಯಲ್ಲಿ ಈಗ ಒಂದು ಮಾತಿತ್ತು. ಅದನ್ನು ಹೇಳಿದರೆ ಬೋಗುಣಿ ತಕ್ಷಣ ನಿಲ್ಲುತ್ತದೆ, ಸಂಶಯವೇ ಇಲ್ಲ. ಬೋಗುಣಿಯ ಜೊತೆಗೆ ಈ ಹೆಂಗಸೂ ಅಲ್ಲೇ ಮುಗಿದುಹೋಗುತ್ತಾಳೆ. ಮಂಜಿನಲ್ಲಿ ಇಂಜಿನ್ನು ಕೆಮ್ಮಿತು, ಮೊದಲಿಗಿಂತ ಹತ್ತಿರದಲ್ಲಿ.

"ಅತ್ತೆ, ಅವತ್ತು..." ಎಂದೆ.

"ಅವತ್ತು ಏನು?"

ಬಾಯಿಗೆ ಬಂದದ್ದನ್ನು ಯಾರ ಮುಲಾಜೂ ಇಲ್ಲದೆ ಆಡಿಬಿಡುವವಳು ನಾನು. ಕೊಳ್ಳಲು ಬಂದ ದೊಡ್ಡ ದೊಡ್ಡವರಿಗೇ ಮುಖದ ಮೇಲೆ ಅಂದವಳು. ಆದರೆ ಆ ಒದ್ದೆ ಶಾಲು, ಆ ನೀಲಿಗಟ್ಟಿದ ತುಟಿ ನೋಡುತ್ತ ನನ್ನ ನಾಲಿಗೆ ಏಳಲಿಲ್ಲ. ಗಂಡನ ಜೀವದ ಪ್ರಶ್ನೆಯಾಗಿದ್ದರೂ ಏಳಲಿಲ್ಲ. ಅದಕ್ಕೆ ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

"ನಾನು ಗೋಡೆಯ ತುದಿಗೆ ಹೋಗಿ ಕೂಗ್ತೀನಿ" ಎಂದೆ. "ನನ್ನ ದನಿ ಕೇಳಿದ ಮೇಲೆ ನಿಲ್ಲಿಸಿ. ಸದ್ದಿಲ್ಲದ ಹೊತ್ತು ಅಂತ ಒಂದು ಕ್ಷಣವೂ ಇರಲ್ಲ. ನಿಮ್ಮದು ನಿಲ್ಲೋ ಮೊದಲೇ ನನ್ನದು ಇರುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಆಗ ನಿಲ್ಲಿಸಿ."

ಅವರು ನನ್ನ ಮುಖವನ್ನೇ ನೋಡುತ್ತ ಬಡಿಯುತ್ತಿದ್ದರು.

ಓಡಿದೆ. ಮೊಣಕಾಲು ನೋಯುತ್ತಿತ್ತು, ಗಂಡನ ಕೋಟು ಕಾಲಿಗೆ ತೊಡರುತ್ತಿತ್ತು. ಸಾಲು, ಕಟ್ಟೆ, ಪೆಟ್ಟಿಗೆಗಳ ರಾಶಿ, ಆಮೇಲೆ ತಡೆಗೋಡೆಯ ಪಾಚಿಗಟ್ಟಿದ ಕಲ್ಲುಗಳು. ತುದಿಯಲ್ಲಿ ಕಾವಲುಗಾರ ಸೈರನ್ನಿನ ಮುಚ್ಚಳ ತೆಗೆದಿಟ್ಟು ಅದರೊಳಗೆ ಕೈಯಾಡಿಸುತ್ತಿದ್ದ.

"ಇಲ್ಲ ಅಕ್ಕ, ಇದು ಏಳಲ್ಲ" ಎಂದ.

"ಬಿಡು. ನಾನು ಕೂಗ್ತೀನಿ."

"ಏನಂತ ಕೂಗ್ತೀಯ? ನಿನ್ನ ದನಿ ಅಂತ ಗೊತ್ತಾದರೂ ಮನೆ ಹತ್ರ ನಿಂತು ಕರೀತಿದೀಯ ಅಂದುಕೊಳ್ತಾರೆ."

ಅದು ನನಗೂ ಓಡುವಾಗಲೇ ಹೊಳೆದಿತ್ತು. ಹೆಸರು ಹಿಡಿದು ಕೂಗಿದರೆ ನಾನು ಹೆಂಡತಿ, ಹೆಂಡತಿ ಎಲ್ಲಿದ್ದಾಳೋ ಅಲ್ಲಿ ಮನೆ. ಆದರೆ ಒಂದು ಕೂಗು ಮಾತ್ರ ಮನೆಯಲ್ಲಿ ಯಾರೂ ಕೂಗದ್ದು. ಅದನ್ನು ಕೇಳಿದವನಿಗೆ ಬಂದರು ಬಿಟ್ಟು ಬೇರೆ ಜಾಗ ನೆನಪಿಗೆ ಬರಲು ಸಾಧ್ಯವೇ ಇಲ್ಲ.

ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಎದೆ ತುಂಬ ಉಸಿರೆಳೆದುಕೊಂಡೆ.

"ಬನ್ನಿ ಬನ್ನಿ ಬನ್ನಿ! ಈಗ ಬಂದ ಮಾಲು! ಬೆಳ್ಳಿಯಂಥ ಮಾಲು! ಒಂದು ಪೆಟ್ಟಿಗೆ ಸಿಗಡಿ, ಯಾರು ಕೇಳ್ತೀರಿ? ಐನೂರು! ಐನೂರು ಅಂದ್ರು! ಐನೂರೈವತ್ತು ಯಾರು? ಬನ್ನಿ ಬನ್ನಿ ಬನ್ನಿ!"

ಢಣ್, ಢಣ್, ಟಿಣ್.

ಬೆಳಿಗ್ಗೆ ಗಂಟಲಲ್ಲೇ ಇಟ್ಟುಕೊಂಡಿದ್ದ ಆ 'ಬನ್ನಿ'ಯನ್ನು ಈಗ ನೂರು ಸಲ ಕೂಗಿದೆ. ಇಲ್ಲದ ಸಿಗಡಿ ಮಾರಿದೆ, ಇಲ್ಲದ ಏಡಿ ಮಾರಿದೆ. ಕಾವಲುಗಾರನಿಗೆ ಅರ್ಥವಾಯಿತು. ಅವನೂ "ಆರುನೂರು!" ಎಂದು ಕೂಗಿದ. ಅವನ ದನಿ ಗೋಡೆಯನ್ನೂ ದಾಟಲಿಲ್ಲ. ಅತ್ತ ಬೋಗುಣಿ ನಿಲ್ಲಲಿಲ್ಲ. ಇಂಜಿನ್ನು ಎರಡರ ನಡುವೆ ಎಲ್ಲೋ ಇತ್ತು, ಯಾವ ಕಡೆಗೂ ಹೊರಳದೆ. ನನ್ನ ದನಿಯನ್ನೂ ತಾಯಿಯ ಸದ್ದನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾನೆ ಅನಿಸಿತು. ಗಂಡಸರು ಯಾವಾಗ ನೋಡಿದರೂ ಇದೇ ಕೆಲಸ ಮಾಡುತ್ತಾರೆ.

ಮಾಲು ಖಾಲಿಯಾಯಿತು. ಯಾವ ಮೀನಿನ ಹೆಸರೂ ಬಾಯಿಗೆ ಬರಲಿಲ್ಲ. ಸುಮ್ಮನಾಗುವ ಹಾಗಿಲ್ಲ.

"ಒಂದು ಕೋಟು! ಉಣ್ಣೆ ಕೋಟು! ಜೇಬಲ್ಲಿ ಫೋನು, ಅರ್ಧ ಚೀಪಿಟ್ಟ ಪೆಪ್ಪರಮೆಂಟು! ಚಳೀಲಿ ಹಾಕ್ಕೊಳ್ಳದೆ ಬಿಟ್ಟುಹೋದ ಬುದ್ಧಿವಂತನದು! ಯಾರಿಗೆ ಬೇಕು? ಒಂದು ಗೊರಕೆ! ಇಡೀ ಮನೆ ನಡುಗಿಸೋ ಗೊರಕೆ, ಪುಕ್ಕಟೆ! ಒಂದು ಹಠ, ಹೆಂಡತಿ ಮಾತು ಕೇಳದ ಹಠ!" ದನಿ ಒಡೆಯಿತು. ಒಡೆದ ದನಿಯಲ್ಲೇ ಕೂಗಿದೆ. "ಒಬ್ಬ ಗಂಡ! ಬಳಸಿದ ಮಾಲು! ಮೂತಿ ಸುಮಾರು, ಕೈ ಒಳ್ಳೇದು! ಯಾರಿದ್ದೀರಿ? ಸಾವಿರ! ಸಾವಿರ ಒಂದು ಸಾರಿ! ಸಾವಿರ ಎರಡು ಸಾರಿ!"

ಅಲ್ಲಿಗೆ ನಿಂತೆ. ಮೂರು ಸಾರಿ ಎಂದರೆ ಮಾಲು ಹೋಯಿತೆಂದು ಲೆಕ್ಕ. ಹರಾಜಿನವಳ ಬಾಯಿಂದ ಅದು ಬಿದ್ದ ಮೇಲೆ ಯಾರೂ ವಾಪಸು ಕೊಡಿಸಲಾರರು. ಕಾವಲುಗಾರ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಸಾವಿರದೈನೂರು ಒಂದು ಸಾರಿ. ಸಾವಿರದೈನೂರು ಎರಡು ಸಾರಿ.

ಢಣ್, ಢಣ್...

ಟಿಣ್ ಬರಲಿಲ್ಲ.

ಕಾದೆ. ಬರಲೇ ಇಲ್ಲ. ಆ ಮೆಲ್ಲಗಿನ ಪೆಟ್ಟು ಬಾರದೆ ಹೋದದ್ದು ನನ್ನನ್ನು ಹೆದರಿಸಿದಷ್ಟು ಆ ದಿನ ಬೇರೆ ಯಾವುದೂ ಹೆದರಿಸಲಿಲ್ಲ. ನಾನೇ ನಿಲ್ಲಿಸಿ ಎಂದು ಬೇಡಿಕೊಂಡಿದ್ದೆ, ನಿಜ. ಆದರೆ ನಿಲ್ಲಿಸುವವರು ಮೂರು ಪೆಟ್ಟು ಮುಗಿಸಿ ನಿಲ್ಲಿಸುತ್ತಾರೆ. ಕಾಲು ಜಾರಿತೇ? ಆ ಬಂಡೆ, ಆ ನೀರು, ಆ ವಯಸ್ಸು. ಅದೇ ಹೊತ್ತಿಗೆ ಇಂಜಿನ್ನೂ ನಿಂತಿತು. ಕೇಳಿಸಿಕೊಳ್ಳಲು ಆರಿಸಿದ್ದೋ, ಬಂಡೆಗೆ ಬಡಿದು ನಿಂತದ್ದೋ ಹೇಗೆ ಹೇಳುವುದು? ಬಿಳುಪಿನಲ್ಲಿ ಅಲೆಯ ಸದ್ದೊಂದೇ. ಕಾವಲುಗಾರ ನನ್ನ ತೋಳು ಹಿಡಿದುಕೊಂಡ.

"ಕೂಗು ಅಕ್ಕ. ಕೂಗು."

ಕೂಗಿದೆ. ಏನು ಕೂಗಿದೆನೋ, ಎಷ್ಟು ಹೊತ್ತು ಕೂಗಿದೆನೋ ನೆನಪಿಲ್ಲ, ಗಂಟಲಲ್ಲಿ ಮರಳು ಹಾಕಿ ತಿಕ್ಕಿದಂತಿತ್ತು. ಎರಡು ಸಾವಿರ ಒಂದು ಸಾರಿ. ಎರಡು ಸಾವಿರ ಎರಡು ಸಾರಿ. ದನಿ ಅಲ್ಲಿಗೆ ಕಡಿದುಹೋಯಿತು. ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ.

"ಮೂರು ಸಾವಿರ!"

ಹಿಂದಿನಿಂದ ಬಂದ ದನಿ. ತಿರುಗಿದೆ. ಅತ್ತೆ ಗೋಡೆಯ ಕಲ್ಲುಗಳನ್ನು ಒಂದು ಕೈಯಲ್ಲಿ ಹಿಡಿದು ಹಿಡಿದು, ಇನ್ನೊಂದರಲ್ಲಿ ಬೋಗುಣಿ ಅವುಚಿಕೊಂಡು ಬರುತ್ತಿದ್ದರು. ಹಿಂದೆ ದರ್ಜಿಯ ಹೆಂಡತಿ ಅವರ ಸೊಂಟ ಹಿಡಿದುಕೊಂಡಿದ್ದಳು. ಅತ್ತೆ ನನ್ನ ಪಕ್ಕಕ್ಕೆ ಬಂದು ಕಂಬ ಹಿಡಿದು ನಿಂತು, ಬಿಳುಪಿನ ಕಡೆ ಮುಖ ಮಾಡಿ ಮತ್ತೆ ಕೂಗಿದರು.

"ಮೂರು ಸಾವಿರ! ನನ್ನ ಮಾಲು ಅದು! ನಾನೇ ಕೇಳ್ತೀನಿ!" ಆಮೇಲೆ ಬೋಗುಣಿಯನ್ನು ಎತ್ತಿ, ಇಲ್ಲಿ, ಈ ತುದಿಯಲ್ಲಿ, ಬಡಿದರು. ಎರಡು ಗಟ್ಟಿ, ಒಂದು ಮೆಲ್ಲಗೆ.

ಇಂಜಿನ್ನು ಕೆಮ್ಮಿತು.

ಅತ್ತೆ ಬಡಿದರು. ದರ್ಜಿಯ ಹೆಂಡತಿ ನಾಲ್ಕು ಸಾವಿರ ಎಂದಳು. ಅವಳಿಗೆ ನನ್ನ ಗಂಡ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಕಾವಲುಗಾರ ಅಳಿಯನ ಮೇಲೂ ಬೆಲೆ ಕಟ್ಟಿದ. ಡುಗ್ ಡುಗ್ ಎಂಬ ಸದ್ದು ಬಂಡೆಗಳ ಕಡೆಯಿಂದ ತಿರುಗಿ ನಮ್ಮ ಕಡೆಗೆ ಬಂತು, ದಪ್ಪಗಾಯಿತು, ಆಮೇಲೆ ಬಿಳುಪಿನಲ್ಲಿ ಒಂದು ಕಲೆ ಮೂಡಿತು. ಕಲೆಗೆ ಮೂತಿ ಬಂತು. ಒಂದು ಅಲೆ ಅದನ್ನು ನಮ್ಮ ಎದೆಯ ಮಟ್ಟಕ್ಕೆ ಎತ್ತಿ, ಗೋಡೆಯನ್ನು ತಪ್ಪಿಸಿ ಒಳಗಿನ ಸಪಾಟು ನೀರಿಗೆ ಇಳಿಸಿತು. ದೋಣಿ ನಮ್ಮ ಕಾಲ ಕೆಳಗೇ ದಾಟಿಹೋಯಿತು. ತೆಳು ಅಂಗಿಯಲ್ಲಿ ನನ್ನ ಗಂಡ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದ.

"ಮೂರು ಸಾರಿ" ಎಂದರು ಅತ್ತೆ, ತಮಗೆ ತಾವೇ ಹೇಳಿಕೊಂಡಂತೆ.

ಕಟ್ಟೆಯಲ್ಲಿ ಅವನು ಎಸೆದ ಹಗ್ಗ ಹಿಡಿದವಳು ನಾನು. ಹಗ್ಗ ಚಳಿಗೆ ಸೆಟೆದು ಕಡ್ಡಿಯಾಗಿತ್ತು. ಅವನು ಮೇಲೆ ಹತ್ತಿ ನನ್ನ ಎದುರು ನಿಂತ. ಹಲ್ಲು ಕಟಕಟ ಎನ್ನುತ್ತಿದ್ದವು.

"ಕೊನೆಗೆ ನಾನು ಎಷ್ಟಕ್ಕೆ ಹೋದೆ?" ಎಂದ.

ಬೈಯಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಕೋಟು ತೆಗೆದು ಅವನ ಮುಖದ ಮೇಲೆ ಎಸೆದೆ. ಆಮೇಲೆ ಕೋಟಿನ ಸಮೇತ ಅವನನ್ನು ತಬ್ಬಿಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ ಅತ್ತುಬಿಟ್ಟೆ.

"ಅಮ್ಮಾ, ನಿನ್ನ ಸದ್ದು ನಡುವಲ್ಲೇ ನಿಂತುಹೋಯ್ತಲ್ಲ" ಎಂದ ಅವನು, ನನ್ನ ತಲೆಯ ಮೇಲಿಂದ. "ನಿನಗೇ ಏನೋ ಆಯ್ತು ಅಂತ ಕೈಕಾಲು ಆಡಲಿಲ್ಲ. ಅಲ್ಲೀವರೆಗೂ ಅದನ್ನೇ ಹಿಡಿದುಕೊಂಡು ಬರ್ತಿದ್ದೆ. ಹರಾಜು ಕೇಳ್ತಿತ್ತು, ಆದರೂ ಇದು ಮನೆ ಸದ್ದಲ್ವಾ."

ಅತ್ತೆ ಮಗನ ಮುಖ ಸವರಿದರು.

ಮನೆಯಲ್ಲಿ ಅವನು ಒಳಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದ. ಅತ್ತೆ ಒಲೆಯ ಪಕ್ಕ, ಬೆಳಿಗ್ಗೆ ಕೂತಲ್ಲೇ ಕೂತಿದ್ದರು. ಬೋಗುಣಿ ಮಡಿಲಲ್ಲಿತ್ತು. ಅದರ ಬೆನ್ನಿನ ನಗ್ಗುಗಳ ಮೇಲೆ ಬೆರಳಾಡಿಸುತ್ತಿದ್ದರು.

"ಬಂಡೆ ಮೇಲೆ ಏನೋ ಹೇಳೋಕೆ ಬಂದೆ ನೀನು."

ಇಲ್ಲವೆಂದು ತಲೆಯಾಡಿಸಿದೆ.

"'ಅವತ್ತು' ಅಂದೆ. ಆಮೇಲೆ ನುಂಗಿದೆ. ನೀನು ಓಡಿಹೋದ ಮೇಲೂ ಬಡೀತಾನೇ ಇದ್ದೆ, ಆದರೆ ತಲೆಯಲ್ಲಿ ಅದೇ. ಬಾಯಿಗೆ ಬಂದದ್ದನ್ನ ಇವಳು ಯಾವತ್ತೂ ನುಂಗಿದವಳಲ್ಲ. ಇವಳೇ ನುಂಗಿಕೊಳ್ಳಬೇಕು ಅಂದ್ರೆ ಅದೆಂಥ ಮಾತಿರಬೇಕು ಅಂತ ಹುಡುಕ್ತಾ ಹೋದೆ." ಒಲೆಯ ಬೆಂಕಿಯನ್ನು ನೋಡಿದರು. "ಸಿಕ್ತು. ಸಿಕ್ಕಿದ ತಕ್ಷಣ ಕೈ ನಿಂತುಹೋಯ್ತು."

ನಾನು ಅವರ ಕಾಲ ಬಳಿ ಕೂತೆ.

"ಅವರನ್ನ ಕರೆದದ್ದು ನಾನೇ, ಅಲ್ವೇನೇ?"

"ಇಲ್ಲ ಅತ್ತೆ." ದನಿ ಪಿಸುಮಾತಿಗಿಂತ ಮೇಲೆ ಏಳಲಿಲ್ಲ. "ಅವತ್ತು ಸಮುದ್ರದ ಕಡೆಯಿಂದ ಗಾಳಿ ಹೊಡೀತಿತ್ತಂತೆ. ಕಾವಲುಗಾರ ಹೇಳ್ತಿದ್ದ, ಅವರಪ್ಪ ನೋಡಿದ್ರಂತೆ. ಅಂಥ ಗಾಳೀಲಿ ಸದ್ದೆಲ್ಲ ಊರೊಳಗೆ ಹೋಗಿಬಿಡುತ್ತೆ. ಅವರಿಗೆ ನಿಮ್ಮದು ಕೇಳಿಸಿರಲೇ ಇಲ್ಲ. ನೀವು ಬಡಿದಾಗಲೂ ಇಲ್ಲ, ನಿಲ್ಲಿಸಿದಾಗಲೂ ಇಲ್ಲ."

ಅಷ್ಟು ದಟ್ಟ ಮಂಜು ಕವಿದ ದಿನ ಅಂಥ ಗಾಳಿ ಇರುವುದಿಲ್ಲ. ಇದ್ದರೆ ಮಂಜು ನಿಲ್ಲುವುದಿಲ್ಲ. ನಮ್ಮ ಸಾಲಿನಲ್ಲಿ ನಡೆಯಲು ಕಲಿತ ಮಕ್ಕಳಿಗೂ ಅದು ಗೊತ್ತು. ಅತ್ತೆ ಬೆಂಕಿಯಿಂದ ನನ್ನ ಕಡೆ ತಿರುಗಿದರು.

"ಕೇಳಿಸಿರಲಿಲ್ಲ ಅಂತೀಯ."

"ಕೇಳಿಸಿರಲಿಲ್ಲ."

"ಇಷ್ಟು ಮೆಲ್ಲಗೆ ಮಾತಾಡೋಕೆ ನಿನಗೂ ಬರುತ್ತಾ" ಎಂದರು. ಅವರ ಕೈ ನನ್ನ ತಲೆಯ ಮೇಲೆ ಬಂತು, ತಣ್ಣಗೆ, ಭಾರವಾಗಿ, ಮತ್ತು ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈಯಿಂದ ಬೋಗುಣಿಯನ್ನು ನನ್ನ ಕಡೆ ತಳ್ಳಿದರು. "ತಗೋ. ಇದರಲ್ಲಿ ನೀರು ಕಾಯಿಸು. ಅವನ ಕಾಲು ಮರಗಟ್ಟಿರುತ್ತೆ."

ನಗ್ಗಿದ ಬೋಗುಣಿ ಒಲೆಯ ಮೇಲೆ ನೆಟ್ಟಗೆ ಕೂರಲಿಲ್ಲ. ಒಂದು ಕೈಯಲ್ಲಿ ಹಿಡಿದುಕೊಂಡೇ ನೀರು ಬಿಸಿಯಾಗುವವರೆಗೆ ನಿಂತಿದ್ದೆ.